ಹಿತಕಿದ ಪೀಚು

ಮೊದಲ ಸಲ ಪೀಚ್ ಹಣ್ಣನ್ನು ಮನೆಗೆ ತಂದ ದಿನ ನಾನು ಅದನ್ನು ತೆಂಗಿನ ನಾರು ಹಾಕಿ ಉಜ್ಜಿದೆ. ನಗಬೇಡಿ, ನನ್ನ ಜಾಗದಲ್ಲಿದ್ದರೆ ನೀವೂ ಅದನ್ನೇ ಮಾಡುತ್ತಿದ್ದಿರಿ. ಹಣ್ಣಿನ ಮೈಮೇಲೆಲ್ಲ ಬೆಳ್ಳಗೆ, ನವಿರಾಗಿ ಏನೋ ಹಬ್ಬಿತ್ತು. ಬೂಷ್ಟು ಎಂದೇ ತಿಳಿದೆ. ಬೂಷ್ಟು ಹಿಡಿದ ಹಣ್ಣನ್ನು ಕೆಲವರು ಬಿಸಾಡುತ್ತಾರೆ, ಕೆಲವರು ತೊಳೆದು ಯಾರಿಗೂ ಹೇಳದೆ ಹೆಚ್ಚಿಡುತ್ತಾರೆ. ನಾನು ಎರಡನೆಯ ಗುಂಪಿನವಳು. ಪಾತ್ರೆ ತಿಕ್ಕುವ ಹಾಗೆ ತಿಕ್ಕಿ ಮುಗಿಸಿ ನೋಡುತ್ತೇನೆ, ಹಣ್ಣಿನ ಕೆನ್ನೆಯೇ ಕಿತ್ತುಬಂದು ರಸ ಒಸರುತ್ತಿದೆ, ನನ್ನ ಮೊಣಕೈವರೆಗೂ ತುರಿಕೆ ಹತ್ತಿದೆ.

ಹಣ್ಣು ಕೊಂಡದ್ದು ವಿಜಯನಗರದಲ್ಲಿ, ಮೆಟ್ರೋ ಕಂಬದ ನೆರಳಿನಲ್ಲಿ ನಿಲ್ಲುವ ಒಂದು ತಳ್ಳುಗಾಡಿಯಲ್ಲಿ. ಅಕ್ಕ ಜೊತೆಗಿದ್ದಳು. ಗಾಡಿಯವನ ಹತ್ತಿರ ನಾನು ಕೇಳಿದೆ:

"ಏನಪ್ಪಾ ಇದು, ಸೇಬಿಗೆ ಬೂಷ್ಟು ಬಂದಿದ್ಯಲ್ಲ?"

"ಸೇಬಲ್ಲ ಆಂಟಿ, ಪೀಚು."

"ಪೀಚು ಅಂತ ನೀನೇ ಒಪ್ಕೊಳ್ತೀಯ, ಮತ್ತೆ ಹಣ್ಣಿನ ರೇಟ್ ಹೇಳ್ತೀಯಲ್ಲ?"

ನಮ್ಮ ಕಡೆ ಪೀಚು ಎಂದರೆ ಇನ್ನೂ ಬಲಿಯದ ಕಾಯಿ. ಹೂವು ಉದುರಿದ ಮೇಲೆ ಬಟಾಣಿಯಷ್ಟು ಗಾತ್ರಕ್ಕೆ ಮೂಡುತ್ತದಲ್ಲ, ಅದು. ಹುಟ್ಟುವಾಗ ನಾನೂ ಪೀಚು ಮಗುವೇ ಆಗಿದ್ದೆನಂತೆ. ಗಾಡಿಯ ಹುಡುಗನಿಗೆ ಆ ಪದವೇ ತಿಳಿಯದು. ಅವನು ಮಂಕಾಗಿ ನನ್ನ ಮುಖ ನೋಡಿದ. ಅಕ್ಕ ಸೆರಗಿನ ಮರೆಯಲ್ಲಿ ನಕ್ಕಳು.

"ಅದರ ಹೆಸರೇ ಪೀಚು ಆಂಟಿ. ಹಿಮಾಚಲದಿಂದ ಬರುತ್ತೆ. ಒಂದ್ಸಲ ತಗೊಂಡೋಗಿ ನೋಡಿ, ಬೆಣ್ಣೆ ಥರ. ಹಲ್ಲಿಲ್ದೋರೂ ತಿನ್ಬೋದು."

ವ್ಯಾಪಾರಕ್ಕೆ ಆಡಿದ ಮಾತು ಅದು. ಆದರೆ ಅಕ್ಕನ ಸೆರಗು ಬಾಯಿಂದ ಇನ್ನಷ್ಟು ಮೇಲಕ್ಕೇರಿ ಮೂಗನ್ನು ಮುಚ್ಚಿತು. ನಾನು ಚೌಕಾಸಿ ಮಾಡದೆ ಹಣ್ಣು ಕೊಂಡೆ. ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ.

ವಿಷಯ ಏನೆಂದರೆ, ಅಕ್ಕನ ಬಾಯಲ್ಲಿ ಆಗ ಒಂದೂ ಹಲ್ಲಿರಲಿಲ್ಲ. ಒಸಡು ಸಡಿಲವಾಗಿ ಹಲ್ಲುಗಳೆಲ್ಲ ಅಲ್ಲಾಡತೊಡಗಿದ್ದವು. ಡಾಕ್ಟರು ಒಂದೊಂದು ಸಾರಿಗೆ ಕೆಲವನ್ನು ಕಿತ್ತು, ಕಡೆಗೆ ಎಲ್ಲವನ್ನೂ ತೆಗೆದುಬಿಟ್ಟರು. ಒಸಡು ಮಾದ ಮೇಲೆ ಹಲ್ಲಿನ ಸೆಟ್ ಹಾಕುತ್ತೇವೆ, ಅಲ್ಲಿಯತನಕ ಮೆತ್ತಗಿನದನ್ನು ಕೊಡಿ ಎಂದರು. ಭಾವ ತೀರಿಕೊಂಡ ಮೇಲೆ ಅಕ್ಕ ಮೂಡಲಪಾಳ್ಯದ ನಮ್ಮ ಮನೆಗೇ ಬಂದಿದ್ದಾಳೆ. ಅವಳಿಗೆ ಮಕ್ಕಳಿಲ್ಲ. ನಮ್ಮ ಯಜಮಾನರು ಮಧ್ಯಾಹ್ನದ ಊಟವನ್ನು ಡಬ್ಬಿಗೆ ಹಾಕಿಸಿಕೊಂಡು ಅಂಗಡಿಗೆ ಹೋಗುತ್ತಾರೆ. ಹಾಗಾಗಿ ಮಧ್ಯಾಹ್ನ ಊಟಕ್ಕೆ ಇರುವುದು ನಾವಿಬ್ಬರೇ, ಅಕ್ಕ ಮತ್ತು ನಾನು.

ಈಗ ಹೇಳಲೇಬೇಕಾದ್ದನ್ನು ಹೇಳಿಬಿಡುತ್ತೇನೆ. ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು, ಸುತ್ತಿ ಬಳಸಿ ಹೇಳುವುದಕ್ಕೆ ಬರುವುದಿಲ್ಲ. ಹಲ್ಲಿಲ್ಲದ ಅಕ್ಕ ಊಟ ಮಾಡುವುದನ್ನು ನನ್ನಿಂದ ನೋಡಲು ಆಗುತ್ತಿರಲಿಲ್ಲ. ಬೊಚ್ಚು ಬಾಯಿ ಮಿಸುಕುವುದು, ತುಟಿ ಒಳಕ್ಕೆ ಹೋಗುವುದು, ಅನ್ನದ ಅಗುಳು ಗಲ್ಲದ ಮೇಲೆ ಜಾರುವುದು ಕಂಡರೆ ಮುಖ ತಿರುಗಿಸಿಬಿಡುತ್ತಿದ್ದೆ. ಮರುಕದಿಂದ ಎಂದುಕೊಂಡೀರಿ. ಮರುಕವಲ್ಲ, ಅಸಹ್ಯ. ಬೇರೆ ಯಾರ ಬಾಯಿಯೋ ಆಗಿದ್ದರೆ ತಡೆದುಕೊಳ್ಳುತ್ತಿದ್ದೆನೋ ಏನೋ.

ಅದಕ್ಕೇ ಎದ್ದು ಹೋಗುತ್ತಿದ್ದೆ. ಅಕ್ಕನಿಗೆ ಬಡಿಸಿ, ಅವಳು ಮೊದಲ ತುತ್ತು ಎತ್ತುವಾಗಲೇ ನನಗೆ ಏನಾದರೂ ನೆನಪಾಗುತ್ತಿತ್ತು. ಹಾಲು ಒಲೆಯ ಮೇಲಿದೆ, ಬಟ್ಟೆ ಬಿಸಿಲಲ್ಲಿದೆ, ಗೇಟಿನಲ್ಲಿ ಯಾರೋ ಕರೆದರು. ಹೆಚ್ಚಾಗಿ ನೀರಿನ ಮೋಟರು. "ಅಯ್ಯೋ, ಮೋಟರ್ ಹಾಕ್ಬಿಟ್ಟಿದೀನಿ, ಟ್ಯಾಂಕ್ ತುಂಬಿರುತ್ತೆ" ಎಂದು ಮಹಡಿ ಹತ್ತುತ್ತಿದ್ದೆ. ಮೇಲೆ ಹೋಗಿ ಸುಮ್ಮನೆ ನಿಲ್ಲುತ್ತಿದ್ದೆ. ಪಕ್ಕದ ಮನೆಯ ತಾರಸಿಯಲ್ಲಿ ಒಣಗಲು ಹಾಕಿದ ಹಪ್ಪಳ ಎಣಿಸುತ್ತಿದ್ದೆ. ಅಕ್ಕ ತಟ್ಟೆ ತೊಳೆಯುವ ಸದ್ದು ಕೇಳಿದ ಮೇಲೆ ಇಳಿದು ಬಂದು ನನ್ನ ತಟ್ಟೆಗೆ ಹಾಕಿಕೊಳ್ಳುತ್ತಿದ್ದೆ.

ಕೆಲವು ದಿನ ಹೀಗೇ ನಡೆಯಿತು. ಒಂದು ದಿನ ಅಕ್ಕ ಅನ್ನ ಕಲಸುತ್ತಾ, ತಟ್ಟೆಯಿಂದ ತಲೆಯೆತ್ತದೆ, "ಈ ಮನೆ ಟ್ಯಾಂಕು ನಾನು ಉಣ್ಣೋ ಹೊತ್ತಿಗೇ ತುಂಬುತ್ತಲ್ಲೇ ಜಯಾ" ಎಂದಳು.

ನಾನು ಕೇಳಿಸದವಳಂತೆ ಮೆಟ್ಟಿಲು ಹತ್ತಿದೆ. ಮರುದಿನದಿಂದ ಅಕ್ಕ ತಟ್ಟೆಯನ್ನು ತನ್ನ ಕೋಣೆಗೆ ತೆಗೆದುಕೊಂಡು ಹೋಗಿ ಬಾಗಿಲು ಹಾಕಿಕೊಳ್ಳತೊಡಗಿದಳು. ಯಾಕಕ್ಕ ಎಂದು ಬಾಯಿಮಾತಿಗೆ ಕೇಳಿದೆ. "ಸೀರಿಯಲ್ ನೋಡ್ಕೊಂಡು ತಿಂತೀನಿ ಕಣೇ" ಎಂದಳು. ಟಿವಿ ಇರುವುದು ಹಾಲಿನಲ್ಲಿ.

ನನಗೆ ಹಾಯೆನಿಸಿತು. ಇದನ್ನು ಬರೆಯುವಾಗ ಕೈ ತಡೆಯುತ್ತದೆ, ಆದರೆ ಹಾಯೆನಿಸಿದ್ದಂತೂ ನಿಜ.

ಆ ಹಲ್ಲುಗಳ ಬಗ್ಗೆ ನಿಮಗೆ ಹೇಳದಿದ್ದರೆ ಇದರಲ್ಲಿ ಎಷ್ಟು ದೊಡ್ಡ ದ್ರೋಹವಿದೆ ಎಂದು ತಿಳಿಯುವುದಿಲ್ಲ. ನಾವು ಹುಟ್ಟಿ ಬೆಳೆದದ್ದು ಮಲ್ಲತ್ತಹಳ್ಳಿ. ಈಗ ಅಲ್ಲಿ ಕೆರೆಯ ಸುತ್ತ ಬೆಳಗ್ಗೆ ಬೂಟು ಹಾಕಿಕೊಂಡು ನಡೆಯುತ್ತಾರೆ. ಆಗ ಕೆರೆ ಅಂಗಳದ ಪಕ್ಕದಲ್ಲಿ ನಮ್ಮಮ್ಮ ಸೊಪ್ಪು ಬೆಳೆದು ಕಟ್ಟು ಕಟ್ಟಿ ಮಾರುತ್ತಿದ್ದಳು. ಅವಳು ಸೊಪ್ಪಿನ ಮಡಿಯಿಂದ ತಲೆ ಎತ್ತುವ ತನಕ ನಾನು ಅಕ್ಕನ ಕಂಕುಳಲ್ಲಿ. ಅಕ್ಕನಿಗೆ ನನಗಿಂತ ಐದಾರು ವರ್ಷ ಹೆಚ್ಚು, ಅಷ್ಟೇ. ಅವಳ ಕಂಕುಳಿನಿಂದ ನನ್ನ ಕಣ್ಣಿಗೆ ಸರಿಸಮನಾಗಿ ಕಾಣುತ್ತಿದ್ದದ್ದು ಅವಳ ಬಾಯಿ. ಜಗತ್ತಿನಲ್ಲಿ ಅಷ್ಟು ಗಟ್ಟಿಯಾದದ್ದು ಇನ್ನೊಂದಿಲ್ಲ ಎಂದು ನಾನು ನಂಬಿದ್ದೆ.

ಅಕ್ಕ ಸೋಡಾ ಬಾಟಲಿನ ಮುಚ್ಚಳವನ್ನು ಹಲ್ಲಿನಲ್ಲಿ ತೆಗೆಯುತ್ತಿದ್ದಳು. ಹುರಿದ ಹುಣಸೆ ಬೀಜವನ್ನು ಕಟಂ ಎಂದು ಒಡೆಯುತ್ತಿದ್ದಳು. ಹೂ ಕಟ್ಟುವಾಗ ದಾರವನ್ನು ಕತ್ತರಿಸುತ್ತಿದ್ದದ್ದು ಹಲ್ಲಿನಲ್ಲೇ. ಸಂಕ್ರಾಂತಿಗೆ ಕಬ್ಬು ಬಂದರೆ ಬೀದಿಯ ಮಕ್ಕಳೆಲ್ಲ ನಮ್ಮ ಜಗಲಿಗೆ. ಅಕ್ಕ ಗೆಣ್ಣಿನ ಹತ್ತಿರ ಕಚ್ಚಿ ಕತ್ತು ತಿರುಗಿಸಿದರೆ ಸಿಪ್ಪೆ ಉದ್ದಕ್ಕೆ ಸರ್ರೆಂದು ಸೀಳಿಕೊಂಡು ಬರುತ್ತಿತ್ತು. ಒಳಗಿನ ಬಿಳಿಯ ತುಂಡು ಸಾಲಿನಲ್ಲಿ ಮೊದಲು ನನಗೆ. ನಮ್ಮ ಎದುರು ಮನೆಯ ಅಜ್ಜಿ, "ಈ ಹುಡುಗಿ ಗಂಡನ ಮನೆಗೆ ಹೋದ್ರೆ ಒರಳುಕಲ್ಲು ಬೇಕಾಗಲ್ಲ" ಎನ್ನುತ್ತಿತ್ತು. ಅಕ್ಕ ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡಿದ್ದಳು. ಅದು ಹೊಗಳಿಕೆಯೇ ಎಂದು ಈಗ ನನಗೂ ಅನಿಸುತ್ತದೆ.

ಮತ್ತೆ ಕಾಗೆ ಎಂಜಲು. ನಿಮ್ಮಲ್ಲಿ ಯಾರು ಅದನ್ನು ತಿಂದಿಲ್ಲ ಹೇಳಿ. ಒಂದೇ ಸೀಬೆಕಾಯಿ ಇರುತ್ತದೆ, ತಿನ್ನುವವರು ಇಬ್ಬರು. ಎಂಜಲಾದರೆ ಅಮ್ಮ ಬೈಯುತ್ತಾಳೆ. ಲಂಗದ ತುದಿಯನ್ನು ಕಾಯಿಗೆ ಸುತ್ತಿ, ಬಟ್ಟೆಯ ಮೇಲಿನಿಂದ ಕಚ್ಚಿದರೆ ಕಾಯಿ ಎರಡಾಗುತ್ತದೆ, ಎಂಜಲು ಬಟ್ಟೆಗೆ ಮಾತ್ರ. ಕಾಯಿಗಲ್ಲ. ಇದು ಮಕ್ಕಳು ಮಾಡಿಕೊಂಡ ಕಾನೂನು. ಇದನ್ನು ಒಡೆಯುವ ವಕೀಲ ಇನ್ನೂ ಹುಟ್ಟಿಲ್ಲ. ಅಕ್ಕ ಕಚ್ಚಿದರೆ ಯಾವತ್ತೂ ಸರಿಪಾಲು ಆಗುತ್ತಿರಲಿಲ್ಲ. ಒಂದು ತುಂಡು ದೊಡ್ಡದು, ಒಂದು ಚಿಕ್ಕದು. ದೊಡ್ಡದು ನನ್ನ ಕೈಗೆ ಬರುತ್ತಿತ್ತು. ಅವಳ ಹಲ್ಲಿಗೆ ಸಮ ಮಾಡಲು ಬರುವುದಿಲ್ಲ ಎಂದೇ ನಾನು ಬಹಳ ದಿನ ತಿಳಿದಿದ್ದೆ.

ಅಮ್ಮನ ಕಣ್ಣು ತಪ್ಪಿಸಿದರೆ ಬಟ್ಟೆಯೂ ಬೇಡ. ನನಗೆ ಹಾಲುಹಲ್ಲು ಬಿದ್ದಿದ್ದ ಕಾಲದಲ್ಲಿ ಅಕ್ಕ ಹುರಿಗಡಲೆಯನ್ನು ಅಗಿದು ಮೆತ್ತಗೆ ಮಾಡಿ ನನ್ನ ಬಾಯಿಗಿಡುತ್ತಿದ್ದಳು. ಆ ಬಾಯಿಯಿಂದ ತಿಂದು ಬೆಳೆದವಳು, ಅದೇ ಬಾಯಿಗೆ ಹೆದರಿ ಮಹಡಿ ಹತ್ತಿ ಹಪ್ಪಳ ಎಣಿಸುತ್ತಿದ್ದೆ.

ಮತ್ತೆ ಹಣ್ಣಿಗೆ ಬರುತ್ತೇನೆ. ಅದನ್ನು ಕೊಂಡ ದಿನ ನಾವು ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಬರುತ್ತಿದ್ದೆವು. ಚಿಕ್ಕ ವಯಸ್ಸಿನ ಹೆಣ್ಣುಮಗಳು ಆ ಡಾಕ್ಟರು. ಅಕ್ಕನ ಒಸಡು ನೋಡಿ ಮುಖ ಸಣ್ಣದು ಮಾಡಿಕೊಂಡರು. "ತುಂಬಾ ಇಳಿದುಹೋಗಿದೀರಮ್ಮ. ಹೀಗಾದ್ರೆ ಗಾಯ ಮಾಯೋದು ತಡ. ಮುಖ ಇಳೀತಾ ಹೋದ್ರೆ ಅಳತೆ ತಗೊಂಡ ಸೆಟ್ಟೂ ಸರಿಯಾಗಿ ಕೂರಲ್ಲ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಊಟಕ್ಕೆ ಜೊತೆಗೆ ಯಾರಾದ್ರೂ ಕೂರ್ತೀರಾ? ಒಬ್ಬರೇ ಆದ್ರೆ ಇವರು ತಿನ್ನಲ್ಲ" ಎಂದರು.

ನಾನು ಉತ್ತರ ಹುಡುಕುವ ಮೊದಲೇ ಅಕ್ಕ ಹೇಳಿದಳು: "ಇವಳೇ ಕೂರ್ತಾಳೆ ಡಾಕ್ಟ್ರೇ. ಬಿಡೋದೇ ಇಲ್ಲ. ಬಲವಂತ ಮಾಡಿ ತಿನ್ನಿಸ್ತಾಳೆ, ನಂಗೇ ಸಾಕಾಗುತ್ತೆ."

ಡಾಕ್ಟರು ನನ್ನನ್ನು ನೋಡಿ ಮೆಚ್ಚಿ ತಲೆಯಾಡಿಸಿದರು. ನಾನು ಗೋಡೆಯ ಮೇಲಿದ್ದ ಹಲ್ಲುಜ್ಜುವ ಮಗುವಿನ ಚಿತ್ರವನ್ನು ನೋಡುತ್ತಾ ಕೂತೆ. ಮನೆಯಲ್ಲಿ ಅಕ್ಕನ ರವಿಕೆಗಳನ್ನು ಹೊಲಿಯುವವಳು ನಾನೇ. ಆ ತಿಂಗಳಲ್ಲಿ ಪಕ್ಕದ ಹೊಲಿಗೆಯನ್ನು ಒಮ್ಮೆ ಹಿಡಿದಿದ್ದೆ, ಅದೂ ಸಡಿಲವಾಗಿ ಮತ್ತೊಮ್ಮೆ ಹಿಡಿದಿದ್ದೆ. ಅವಳು ತಿನ್ನುತ್ತಿಲ್ಲ ಎಂದು ನನ್ನ ಕೈಗೆ ಗೊತ್ತಿತ್ತು. ನಾನೇ ಅದರ ಬಾಯಿ ಮುಚ್ಚಿಸಿದ್ದೆ.

ಹೀಗೆ ಮನೆಗೆ ಬಂದ ಹಣ್ಣನ್ನು ನಾನು ನಾರು ಹಾಕಿ ಉಜ್ಜಿ ಹಾಳು ಮಾಡಿದ್ದು. ಎರಡನೆಯ ಹಣ್ಣಿಗೆ ಚಾಕು ಹಾಕಿದೆ. ಆಲೂಗಡ್ಡೆ ಸಿಪ್ಪೆ ತೆಗೆದ ಹಾಗೆ ತೆಗೆಯಲು ಹೋದರೆ, ಸಿಪ್ಪೆಯ ಜೊತೆ ಅರ್ಧ ಹಣ್ಣೇ ಹೋಯಿತು. ಸಿಪ್ಪೆ ಇಟ್ಟೇ ಕೊಡೋಣವೆಂದರೆ ಆ ನವಿರು ಅಕ್ಕನ ಹಸಿ ಒಸಡಿಗೆ ಚುಚ್ಚುತ್ತದೆ. ನಾನು ಕಟ್ಟೆಯ ಮುಂದೆ ನಿಂತು ಗೊಣಗುತ್ತಿದ್ದದ್ದು ಕೇಳಿ ಅಕ್ಕ ಅಡುಗೆಮನೆ ಬಾಗಿಲಿಗೆ ಬಂದಳು. ಸ್ವಲ್ಪ ಹೊತ್ತು ನೋಡಿದಳು.

"ಜಯಾ, ಅವರೆಕಾಳಿಗೆ ಏನೇ ಮಾಡ್ತೀಯ?"

"ಏನು ಮಾಡ್ತೀನಿ. ನೆನೆಹಾಕಿ ಹಿತಕ್ತೀನಿ."

"ಮತ್ತೆ ಇದನ್ನ ಯಾಕೆ ಕೆರೀತಾ ನಿಂತಿದೀಯ? ಹಿತಕು."

"ಹಣ್ಣನ್ನ ಯಾರಕ್ಕ ಹಿತಕ್ತಾರೆ?"

"ಟೊಮೊಟೊ ಬಿಸಿನೀರಿಗೆ ಹಾಕಿ ಸಿಪ್ಪೆ ತೆಗೆಯಲ್ವಾ ನೀನು, ಸೂಪ್ ಮಾಡೋವಾಗ? ಅದೂ ಹಿತಕೋದೇ. ಸುಮ್ನೆ ಹಾಕು."

ಬೆಂಗಳೂರಿನವರಿಗೆ ಹಿತಕುವುದು ಏನೆಂದು ಹೇಳಬೇಕಾಗಿಲ್ಲ. ಬೇರೆ ಊರಿನವರಿಗಾಗಿ ಹೇಳುತ್ತೇನೆ. ಚಳಿಗಾಲದಲ್ಲಿ ಸೊಗಡಿನ ಅವರೆ ಬಂದಾಗ, ಕಾಳನ್ನು ನೀರಿಗೆ ಹಾಕಿಟ್ಟು, ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿದರೆ, ಸಿಪ್ಪೆ ಕೈಯಲ್ಲಿ ಉಳಿದು ಕಾಳು ಪುಳಕ್ಕೆಂದು ಬೋಗುಣಿಗೆ ಹಾರುತ್ತದೆ. ಹಾಗೆ ಹಿತಕಿದ ಬೇಳೆಯ ಸಾರಿಗಾಗಿ ಮನೆಮಂದಿಯೆಲ್ಲ ಸಂಜೆಗಟ್ಟಲೆ ಬೆರಳು ಸುಕ್ಕಾಗುವ ತನಕ ಕೂರುತ್ತೇವೆ. ನನ್ನ ಬದುಕಿನ ಮುಖ್ಯ ಮಾತುಗಳೆಲ್ಲ ಆ ಬೋಗುಣಿಯ ಸುತ್ತಲೇ ಆಗಿವೆ. ನನ್ನ ಮದುವೆಯ ಮಾತೂ ಅಲ್ಲೇ ಶುರುವಾದದ್ದು.

ನೀರು ಕುದಿಯಲು ಇಟ್ಟೆ. ಹಣ್ಣಿನ ತಳದಲ್ಲಿ ಚಾಕುವಿನಿಂದ ಅಡ್ಡ ಉದ್ದ ಸಣ್ಣ ಗೀರು ಹಾಕಿ, ಸೌಟಿನಲ್ಲಿ ಮೆಲ್ಲಗೆ ಇಳಿಬಿಟ್ಟೆ. ನೀರಿನಲ್ಲಿ ಹಣ್ಣು ತೇಲಿ ಒಂದು ಸುತ್ತು ಹೊರಳಿತು. ಸ್ವಲ್ಪ ಹೊತ್ತಿಗೇ ತೆಗೆದು ತಣ್ಣೀರಿಗೆ ಹಾಕಿದೆ. ಗೀರು ಹಾಕಿದ ಕಡೆ ಸಿಪ್ಪೆಯ ನಾಲ್ಕು ಮೂಲೆಗಳು ಮೇಲಕ್ಕೆ ಸುರುಟಿಕೊಂಡಿದ್ದವು. ಒಂದು ಮೂಲೆ ಹಿಡಿದು ಹೆಬ್ಬೆರಳಿನಿಂದ ಒತ್ತಿದೆ.

ಸಿಪ್ಪೆ ಜಾರಿತು. ಕಿತ್ತುಬರಲಿಲ್ಲ, ಹರಿಯಲಿಲ್ಲ, ಮಲಗಿದ ಮಗುವಿನ ಮೈಮೇಲಿಂದ ಹೊದಿಕೆ ಸರಿದ ಹಾಗೆ ತಾನಾಗಿ ಸರಿಯಿತು. ಅಷ್ಟು ತೆಳ್ಳಗಿನ, ಬೆಳಕು ಹಾಯುವ ಸಿಪ್ಪೆ. ಅದರ ಕೆಳಗೆ ಹಣ್ಣು ನುಣ್ಣಗೆ ಹೊಳೆಯುತ್ತಿತ್ತು. ಅರಿಶಿನದ ಮೈ, ಒಂದು ಪಕ್ಕ ಕುಂಕುಮ ಕರಗಿ ಹರಡಿದ ಹಾಗೆ. ಸಿಪ್ಪೆಯ ಮೇಲಿದ್ದ ಕೆಂಪು ತನ್ನ ಗುರುತನ್ನು ಒಳಗಿನ ಮೈಗೂ ಬಿಟ್ಟುಹೋಗಿತ್ತು. ಎಷ್ಟೋ ವರ್ಷದಿಂದ ಹಣ್ಣು ತರಕಾರಿ ಹೆಚ್ಚುತ್ತಿದ್ದೇನೆ. ಸಿಪ್ಪೆಯ ಬಣ್ಣ ಬೇರೆ, ತಿರುಳಿನ ಬಣ್ಣ ಬೇರೆ ಎಂದುಕೊಂಡಿದ್ದವಳು ನಾನು. ಕೈಯಲ್ಲಿ ಹಣ್ಣು ಹಿಡಿದು ಸುಮ್ಮನೆ ನಿಂತೆ. ಅದು ಇನ್ನೂ ಬೆಚ್ಚಗಿತ್ತು.

"ಅಕ್ಕ, ಇಲ್ಲಿ ನೋಡೇ."

ಅಕ್ಕ ನೋಡಿದಳು. ಬೆರಳ ತುದಿಯಿಂದ ಮುಟ್ಟಿದಳು. "ಹಿತಕಿದ ಪೀಚು" ಎಂದು ಹೆಸರಿಟ್ಟಳು. ಆಮೇಲೆ, "ಚಾಕು ಬೇಡ ಕಣೇ, ಇದಕ್ಕೆ ನೋವಾಗುತ್ತೆ. ಈಳಿಗೆ ಮಣೆ ತಗೋ" ಎಂದಳು.

ಈಳಿಗೆ ಮಣೆ ಅಕ್ಕ ಗಂಡನ ಮನೆಯಿಂದ ತಂದದ್ದು. ಅದನ್ನು ಬಳಸಬೇಕೆಂದರೆ ನೆಲದ ಮೇಲೆ ಕೂರಬೇಕು. ನನ್ನ ಮಂಡಿಯ ವಿಷಯ ನಿಮಗೆ ಗೊತ್ತಿಲ್ಲ. ಒಮ್ಮೆ ಕೂತರೆ, ಗೋಡೆ, ಕುರ್ಚಿ, ದೇವರು ಮೂವರೂ ಸೇರಿ ನನ್ನನ್ನು ಎಬ್ಬಿಸಬೇಕು. ಆದರೂ ಹಣ್ಣಿನ ಮೋಹಕ್ಕೆ ಕೂತೆ. ಮಣೆಯನ್ನು ಕಾಲಿನಿಂದ ಒತ್ತಿ ಹಿಡಿದು, ಹಣ್ಣನ್ನು ಅಲಗಿಗೆ ಕೊಟ್ಟೆ. ಪೀಚಿನ ಮೈಮೇಲೆ ಮೇಲಿಂದ ಕೆಳಗೆ ಒಂದು ಗೆರೆ ಇರುತ್ತದೆ, ದೇವರು ಇಲ್ಲಿ ಹೆಚ್ಚಿ ಎಂದು ಗುರುತು ಹಾಕಿ ಕಳಿಸಿದ ಹಾಗೆ. ಆ ಗೆರೆಯ ಗುಂಟ ಸುತ್ತ ತಿರುಗಿಸಿ, ಎರಡು ಹೋಳನ್ನು ಎರಡು ಕೈಯಲ್ಲಿ ಹಿಡಿದು ಡಬ್ಬಿಯ ಮುಚ್ಚಳ ತಿರುಗಿಸುವಂತೆ ತಿರುವಿದೆ. ಬಿಟ್ಟುಕೊಂಡಿತು. ಓಟೆ ಒಂದು ಹೋಳಿನಲ್ಲಿ ಕೂತಿತ್ತು. ಅದರ ಸುತ್ತ ರಕ್ತದಷ್ಟು ಕೆಂಪು, ಆ ಕೆಂಪು ಎಳೆ ಎಳೆಯಾಗಿ ಹಳದಿಯೊಳಕ್ಕೆ ಹರಿದಿತ್ತು. ಹೊರಗಿನಿಂದ ನೋಡಿದವರು ಯಾರೂ ಊಹಿಸಲಾರರು. ಬೆರಳಿನಿಂದ ಮೀಟಿದರೆ ಓಟೆ ಸ್ವಚ್ಛವಾಗಿ ಎದ್ದು ಬಂತು. ಮೈತುಂಬ ಗುಳಿ, ಸುಕ್ಕು. ಇಷ್ಟು ನುಣುಪಾದ ಹಣ್ಣಿನ ಹೊಟ್ಟೆಯಲ್ಲಿ ಇಷ್ಟು ಮುದಿಯಾದ ಬೀಜ.

ನನ್ನ ಮೊಣಕೈಯಿಂದ ರಸ ತೊಟ್ಟಿಕ್ಕುತ್ತಿತ್ತು. ಹೆಚ್ಚಿದ ಹೋಳುಗಳನ್ನು ತಟ್ಟೆಗೆ ಹಾಕಿ, ಕಪ್ಪಾಗದಿರಲೆಂದು ನಿಂಬೆಹಣ್ಣು ಹಿಂಡಿದೆ. ತಲೆಯೆತ್ತಿ ನೋಡಿದರೆ ಅಕ್ಕ ನನ್ನ ಎದುರಿಗೆ, ಬಾಗಿಲಿಗೆ ಬೆನ್ನು ಹಾಕಿ, ನೆಲದ ಮೇಲೇ ಕೂತಿದ್ದಳು. ನಮ್ಮ ನಡುವೆ ಒಂದು ತಟ್ಟೆಯಷ್ಟು ಜಾಗ.

"ಇಲ್ಲೇ ತಿನ್ಲಾ?" ಎಂದಳು.

ನನಗೆ ತಕ್ಷಣ ಏನೋ ನೆನಪಾಗತೊಡಗಿತು. ಹಾಲೋ, ಗೇಟೋ. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು.

"ಇವತ್ತು ಟ್ಯಾಂಕ್ ತುಂಬಿ ಬೀದಿಗೆ ಹರಿದ್ರೂ ನಿನ್ ಮಂಡಿ ನಿನ್ನ ಬಿಡಲ್ಲ" ಎಂದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ. ಅದೇ ಕಷ್ಟವಾಯಿತು.

ಒಂದು ಹೋಳು ತೆಗೆದುಕೊಂಡಳು. ಬಾಯಿಗೆ ಇಡಲಿಲ್ಲ. ಕೈಯಲ್ಲೇ ಹಿಡಿದುಕೊಂಡು ಕೇಳಿದಳು:

"ನೋಡೋಕ್ಕೆ ಅಸಹ್ಯ ಆಗುತ್ತೇನೇ?"

ಇಲ್ಲ ಎನ್ನುವ ಮಾತು ನನ್ನ ತುಟಿಗೆ ಬಂದಿತ್ತು. ಅದನ್ನು ಹೇಳಿದ್ದರೆ ಅಕ್ಕ ತಟ್ಟೆ ಎತ್ತಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು, ಮತ್ತೆ ಅದು ತೆರೆಯುತ್ತಿರಲಿಲ್ಲ. ಇದು ಹೇಗೆ ತಿಳಿಯಿತೋ, ತಿಳಿಯಿತು.

"ಹೂಂ ಅಕ್ಕ" ಎಂದೆ.

ನಾನು ಅಲಗಿಗೆ ಅಂಟಿದ ತಿರುಳನ್ನು ನೋಡುತ್ತಿದ್ದೆ.

"ಏನು ಅಸಹ್ಯ? ಹೇಳು, ಕೇಳೋಣ."

"ಬೇಡ ಬಿಡಕ್ಕ."

"ಹೇಳೇ. ನಂಗೂ ಗೊತ್ತಾಗ್ಲಿ. ಕನ್ನಡಿ ಮುಂದೆ ತಿಂದು ನೋಡ್ಕೊಳೋ ಧೈರ್ಯ ನಂಗಿಲ್ಲ."

ಅವಳು ಹೋಳನ್ನು ಬಾಯಿಗೆ ಹಾಕಿಕೊಂಡಳು. ಹೇಳಬೇಕೆಂದರೆ ನೋಡಬೇಕು. ನೋಡದೆ ಹೇಗೆ ಹೇಳುವುದು. ಅಷ್ಟು ದಿನದಲ್ಲಿ ಮೊದಲ ಸಲ ನಾನು ಅಕ್ಕನ ಬಾಯನ್ನು ಕಣ್ಣು ತೆಗೆಯದೆ ನೋಡಿದೆ.

"ತುಟಿ ಒಳಗೆ ಹೋಗ್ತಾ ಇದೆ" ಎಂದೆ.

"ಹೂಂ."

"ಗಲ್ಲ ಮೇಲೆ ಬಂದು ಮೂಗಿಗೆ ತಾಗೋ ಹಾಗಿದೆ."

"ಹೂಂ, ಆಮೇಲೆ?"

ಆಮೇಲಿನದನ್ನು ಹೇಳಲು ಇನ್ನಷ್ಟು ಬಾಗಿ ನೋಡಿದೆ. ಅಲ್ಲಿ ಒಂದು ಕೆಲಸ ನಡೆಯುತ್ತಿತ್ತು. ಅಕ್ಕ ಹೋಳನ್ನು ನಾಲಿಗೆಯಿಂದ ಎಡಕ್ಕೆ ತಳ್ಳಿದಳು, ಅಲ್ಲಿನ ಒಸಡು ಗಟ್ಟಿಯಾಗಿದ್ದಿರಬೇಕು. ಅಲ್ಲಿ ಮೆಲ್ಲಗೆ ಒತ್ತಿದಳು. ರಸ ಬಂದ ಕೂಡಲೇ ತುಟಿಯನ್ನು ಬಿಗಿದು ಅದನ್ನು ಒಳಗೇ ಹಿಡಿದಳು. ಆಮೇಲೆ ತಿರುಳನ್ನು ಅಂಗುಳಕ್ಕೆ ಎತ್ತಿ, ನಾಲಿಗೆಯಿಂದ ಸವರಿ ಸವರಿ ಕರಗಿಸಿದಳು. ಗಾಯ ಮಾಯದ ಬಲಗಡೆಗೆ ಒಂದು ಚೂರನ್ನೂ ಹೋಗಗೊಡಲಿಲ್ಲ. ನುಂಗುವ ಮೊದಲು ಒಂದು ಕ್ಷಣ ಕಣ್ಣು ಮುಚ್ಚಿದಳು. ಒಂದು ಹನಿಯೂ ಹೊರಗೆ ಬರಲಿಲ್ಲ.

ಅರವತ್ತು ದಾಟಿದ ಮೇಲೆ ಊಟ ಮಾಡುವುದನ್ನು ಮತ್ತೆ ಮೊದಲಿನಿಂದ ಕಲಿತಿದ್ದಳು ನನ್ನ ಅಕ್ಕ. ಬಾಗಿಲು ಹಾಕಿಕೊಂಡು, ಒಬ್ಬಳೇ, ಯಾರ ಮುಂದೂ ಅಗುಳು ಜಾರಬಾರದೆಂದು. ನಾನು ಮೇಲೆ ನಿಂತು ಹಪ್ಪಳ ಎಣಿಸುತ್ತಿದ್ದ ಅಷ್ಟೂ ಮಧ್ಯಾಹ್ನ ಅವಳು ಕೆಳಗೆ ಇದನ್ನು ಅಭ್ಯಾಸ ಮಾಡುತ್ತಿದ್ದಳು. ಸೋಡಾ ಮುಚ್ಚಳ ಕಚ್ಚಿ ತೆಗೆದದ್ದು ಇದರ ಮುಂದೆ ಏನೂ ಅಲ್ಲ ಎನಿಸಿತು.

"ಯಾಕೆ ಸುಮ್ನಾದೆ? ಇನ್ನೇನು ಅಸಹ್ಯ ಇದೆ ಹೇಳು."

"ಇಷ್ಟೆಲ್ಲ ಯಾವಾಗ ಕಲಿತೆ?"

"ಯಾವುದು?"

"ಒಂದು ಹನೀನೂ ಚೆಲ್ಲಲಿಲ್ಲ ನೀನು."

ಅಕ್ಕ ನನ್ನನ್ನು ದಿಟ್ಟಿಸಿ ನೋಡಿದಳು, ತಮಾಷೆ ಮಾಡುತ್ತಿದ್ದೇನೋ ಎಂಬಂತೆ. ಆಮೇಲೆ ನಕ್ಕಳು. ಸೆರಗು ಅಡ್ಡ ತರುವುದಕ್ಕೆ ಕೈ ಮೇಲೆದ್ದಿತು, ಅರ್ಧ ದಾರಿಯಲ್ಲಿ ನಿಂತು ಕೆಳಗಿಳಿಯಿತು. ಒಸಡೆಲ್ಲ ಕಾಣುವ ಹಾಗೆ, ಸದ್ದು ಮಾಡಿ ನಕ್ಕಳು.

"ನಿನ್ ಗಲ್ಲ ನೋಡ್ಕೋ ಮೊದ್ಲು" ಎಂದಳು. "ಬಾಯ್ತುಂಬ ಹಲ್ಲಿಟ್ಕೊಂಡು ರಸ ಸುರಿಸ್ಕೊಂಡಿದೀಯ."

ನಾನು ಯಾವಾಗ ತಿನ್ನಲು ಶುರುಮಾಡಿದೆನೋ ನನಗೇ ತಿಳಿದಿರಲಿಲ್ಲ. ಕೈಯಲ್ಲಿ ಅರ್ಧ ಕಚ್ಚಿದ ಹೋಳಿತ್ತು. ಸಿಹಿ, ಅದರ ಹಿಂದೆ ಒಂದು ಸಣ್ಣ ಹುಳಿ, ಆಮೇಲೆ ಯಾವುದೋ ಹೂವಿನ ವಾಸನೆ. ಯಾವ ಹೂವೆಂದು ಇಬ್ಬರೂ ಬಹಳ ಹೊತ್ತು ವಾದ ಮಾಡಿದೆವು. ಅಕ್ಕ ಸಂಪಿಗೆ ಎಂದಳು. ನಾನು ಒಪ್ಪಲಿಲ್ಲ. ತೀರ್ಮಾನಕ್ಕೆಂದು ಇನ್ನೊಂದು ಹೋಳು, ಮತ್ತೊಂದು ಹೋಳು. ತಟ್ಟೆ ಖಾಲಿಯಾದ ಮೇಲೂ ಹೂವು ಗೊತ್ತಾಗಲಿಲ್ಲ. ನನ್ನನ್ನು ನೆಲದಿಂದ ಎಬ್ಬಿಸಿದ್ದು ಅಕ್ಕನೇ. ಇಳಿದುಹೋದ ಆ ತೋಳಿನಲ್ಲಿ ಅಷ್ಟು ಬಲ ಇನ್ನೂ ಎಲ್ಲಿತ್ತೋ.

ಆ ಹಣ್ಣಿನ ಕಾಲ ಇರುವಷ್ಟು ದಿನ ಗಾಡಿಯವನು ನನ್ನನ್ನು ದೂರದಿಂದಲೇ ಗುರುತು ಹಿಡಿಯುತ್ತಿದ್ದ. "ಬನ್ನಿ ಆಂಟಿ, ಬೂಷ್ಟು ಸೇಬು ಬಂದಿದೆ" ಎನ್ನುತ್ತಿದ್ದ. ಪೀಚು ಮುಗಿದ ಮೇಲೆ ಪಪಾಯ, ಆಮೇಲೆ ಮೆತ್ತಗೆ ಬೇಯಿಸಿದ ಕುಂಬಳಕಾಯಿ, ಉಪ್ಪುಸಾರಿನ ಜೊತೆ ಮುದ್ದೆ. ಮುದ್ದೆಯನ್ನು ಅಗಿಯಬಾರದು, ನುಂಗಬೇಕು. ಅಲ್ಲಿ ಹಲ್ಲಿರುವವರಿಗೂ ಇಲ್ಲದವರಿಗೂ ಭೇದವಿಲ್ಲ. ಅಕ್ಕ ನನಗಿಂತ ಮೊದಲೇ ಮುಗಿಸಿ ನನ್ನನ್ನು ಅಣಕಿಸುತ್ತಾಳೆ. ಅವಳ ರವಿಕೆಯ ಹೊಲಿಗೆಯನ್ನು ಮೊನ್ನೆ ಬಿಚ್ಚಿ ಅಗಲ ಮಾಡಿದೆ.

ನಾನು ಪೂರ್ತಿ ಸರಿಹೋದೆ ಎಂದು ನಿಮಗೆ ಸುಳ್ಳು ಹೇಳುವುದಿಲ್ಲ. ಇವತ್ತಿಗೂ ಅವಳ ಮೊದಲ ತುತ್ತಿಗೆ ನನ್ನ ಕಣ್ಣು ತಾನಾಗಿ ಕಿಟಕಿಯ ಕಡೆ ಹೊರಳುತ್ತದೆ. ಅಕ್ಕನಿಗೆ ಅದು ಗೊತ್ತು. ಎರಡನೆಯ ತುತ್ತನ್ನು ಎತ್ತದೆ, ನನ್ನ ಕಣ್ಣು ವಾಪಸು ಬರುವ ತನಕ ಕಾಯುತ್ತಾಳೆ.

ಸೆಟ್ ಬಂದು ಈಗ ಬಹಳ ದಿನವಾಯಿತು. ಚೆನ್ನಾಗಿ ಕೂತಿದೆ. ಮದುವೆ ಮನೆಗೆ, ಗೃಹಪ್ರವೇಶಕ್ಕೆ, ನನ್ನ ಮಗಳು ಅಳಿಯ ಬಂದಾಗ ಅಕ್ಕ ಅದನ್ನು ಹಾಕಿಕೊಂಡು ಹತ್ತು ವರ್ಷ ಚಿಕ್ಕವಳಾಗುತ್ತಾಳೆ. ಮಧ್ಯಾಹ್ನ ನಾವಿಬ್ಬರೇ ಇರುವಾಗ ಮಾತ್ರ ಊಟಕ್ಕೆ ಮೊದಲು ಅದನ್ನು ತೆಗೆದು, ನೀರಿರುವ ಸ್ಟೀಲ್ ಲೋಟಕ್ಕೆ ಹಾಕುತ್ತಾಳೆ. ಟಣ್ ಎಂದು ಸಣ್ಣ ಸದ್ದಾಗುತ್ತದೆ. ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದರೂ ನನಗೆ ಅದು ಕೇಳುತ್ತದೆ. ಕೈಯಲ್ಲಿದ್ದ ಬಟ್ಟೆಯನ್ನು ಅಲ್ಲೇ ಬಿಟ್ಟು ಎದ್ದು ಹೋಗಿ ಅವಳ ಎದುರಿಗೆ ಕೂರುತ್ತೇನೆ.